ಎಡ ಹೆಗಲಿನ ಸೆರಗು

ಅಣ್ಣಾರಾಯರು ಬಾಯಿತುಂಬ ಹೊಗಳಿ ಮುಂದಿನ ಮೇಜಿನತ್ತ ಹೋದ ಮೇಲೆ ಸಾತಲಿಂಗಪ್ಪನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊಗಳಿಸಿಕೊಂಡೂ ಮನುಷ್ಯ ಹೀಗೆ ಬೆವರಬಹುದೆಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ. ಅಕ್ಕಲಕೋಟೆಯ ಶಾಲೆಯ ದೊಡ್ಡ ಕೋಣೆಯಲ್ಲಿ ಬೇಸಾಯ ಮತ್ತು ಕಲೆಗಳ ಪ್ರದರ್ಶನ ನಡೆದಿತ್ತು. ಒಂದು ಕಡೆ ಆಳುದ್ದದ ಜೋಳದ ದಂಟು, ತೊಳೆದಿಟ್ಟ ಗಜ್ಜರಿ, ಇಬ್ಬರು ಸೇರಿ ಎತ್ತಬೇಕಾದ ಕುಂಬಳಕಾಯಿ. ಇನ್ನೊಂದು ಕಡೆ ಯಾರದೋ ವಾಡೆಯ ಸೊಸೆ ಹೆಣೆದ ಉಣ್ಣೆಯ ಗಿಳಿ. ಕುಂಬಳಕಾಯಿಗೂ ಗಿಳಿಗೂ ನಡುವಿನ ಗೋಡೆಯಲ್ಲಿ ಅವನ ಮರದಚ್ಚಿನ ಚಿತ್ರ. ಮರದ ಹಲಗೆಯಲ್ಲಿ ಕೆತ್ತಿ, ಮಸಿ ಸವರಿ, ಕಾಗದಕ್ಕೆ ಒತ್ತಿ ತೆಗೆದದ್ದು. ಒಬ್ಬ ಹೆಂಗಸು ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತವಳು ಮುಖವೆತ್ತಿ ನೋಡಿದ್ದಾಳೆ, ಅಷ್ಟೇ. ಬೆಳಿಗ್ಗೆ ಅದನ್ನು ಮೊಳೆಗೆ ಸಿಕ್ಕಿಸುವಾಗ ಅವನ ಮನಸ್ಸು ಎಷ್ಟು ತಂಪಾಗಿತ್ತೆಂದರೆ, ಕುಂಬಳಕಾಯಿಯ ನೆರೆಯೂ ಅವನಿಗೆ ಅವಮಾನವೆನಿಸಿರಲಿಲ್ಲ. ಬೆಳೆದವನಿಗೆ ಅದು ಚಿತ್ರಕ್ಕಿಂತ ಕಡಿಮೆಯೇನಲ್ಲ ಎಂದುಕೊಂಡು ಅದರ ಬೆನ್ನು ತಟ್ಟಿ ನಕ್ಕಿದ್ದ.

ಆಮೇಲೆ ಪ್ರದರ್ಶನದ ಉಸ್ತುವಾರಿ ನೋಡುತ್ತಿದ್ದ ಅಣ್ಣಾರಾಯರು ಬಂದರು. ಪೆನ್ಷನ್ನಾದ ಹೆಡ್‌ಮಾಸ್ತರರು, ಬ್ರಾಹ್ಮಣರು, ಒಳ್ಳೆಯ ಮನಸ್ಸಿನವರು. ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಚಿತ್ರದ ಹತ್ತಿರ ಬಗ್ಗಿ ನೋಡಿದರು. "ಫಾರ ಛಾನ ಮಾಸ್ತರ. ನಮ್ಮ ಮಂದಿ ಹೆಣ್ಮಗಳನ್ನ ಇಷ್ಟು ಹುಬೇಹೂಬ ತಗದವರನ್ನ ನಾ ನೋಡಿಲ್ಲ. ನಮ್ಮ ಕಾಕು ಹಿಂಗಽ ಕೂತು ಜ್ವಾಳಾ ಹಸನ ಮಾಡ್ತಿದ್ಲು" ಎಂದರು. ಸಾತಲಿಂಗಪ್ಪ ನಗುತ್ತಲೇ, "ನಿಮ್ಮ ಮಂದಿ ಅಂತ ಹ್ಯಾಂಗ ಅಂದ್ರಿ ರಾಯರ?" ಎಂದ. "ಸೆರಗು ನೋಡ್ರಲ್ಲ, ಎಡಗಡಿ ಹೆಗಲಿಗದ. ನಿಮ್ಮ ಲಿಂಗವಂತ ಹೆಣ್ಮಕ್ಕಳು ಬಲಗಡಿ ಹಾಕ್ಕೋತಾರಲ್ಲ. ಯಾರ ಮನಿಯಾಕಿ ಇಕಿ, ಸೋಲಾಪುರದಾಕೇನು?" ಸಾತಲಿಂಗಪ್ಪ ಚಿತ್ರದ ಕಡೆ ನೋಡಿದ. ಸೆರಗು ಎಡಕ್ಕೇ ಇತ್ತು. ನಾಲಿಗೆ ತಾನಾಗಿ ಆಡಿತು: "ಯಾರೂ ಅಲ್ರಿ. ಯಾರನ್ನೂ ನೋಡಿ ತಗದದ್ದಲ್ಲ. ಸುಮ್ಮ ಮನಸಿನಿಂದ ತಗದೀನಿ." ಅಣ್ಣಾರಾಯರು ಇನ್ನೂ ಹೆಚ್ಚು ಮೆಚ್ಚಿ, ಅವನ ಭುಜ ಅದುಮಿ, ಬದನೆಕಾಯಿ ನೋಡಲು ಹೋದರು.

ಚಿತ್ರದಲ್ಲಿದ್ದವಳು ಅವನ ಹೆಂಡತಿ ನೀಲಗಂಗಾ. ಎಳ್ಳ ಅಮಾವಾಸ್ಯೆಗೆಂದು ಹನ್ನೂರಿಗೆ, ಅವನ ತಮ್ಮನ ಮನೆಗೆ ಹೋದವಳು ಅಲ್ಲಿಯೇ ಉಳಿದಿದ್ದಳು. ಇವತ್ತು ತಮ್ಮ ನಿಂಗಣ್ಣ ಅವಳನ್ನೂ ತನ್ನ ಹೆಂಡತಿಯನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಪ್ರದರ್ಶನಕ್ಕೆ ಕರೆತರುವವನಿದ್ದ. ತನ್ನ ಚಿತ್ರ ಗೋಡೆಯಲ್ಲಿ ತೂಗಿದೆಯೆಂಬುದು ಅವಳಿಗೆ ತಿಳಿಯದು. ಅದನ್ನು ಒಮ್ಮೆಲೇ ತೋರಿಸಬೇಕೆಂದೇ ಅವನು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಒತ್ತಿದರೆ ಹಾಳೆ ಎಲ್ಲಿಯಾದರೂ ಅವಳ ಕಣ್ಣಿಗೆ ಬಿದ್ದೀತೆಂದು ಸೋಲಾಪುರದ ಬಸಯ್ಯನ ಪ್ರೆಸ್ಸಿನಲ್ಲಿ ಕೂತು ಒತ್ತಿ ತಂದಿದ್ದ. ಮದುವೆಯಾದಾಗಿನಿಂದ ಊರಿನ ಯಾರ ಯಾರನ್ನೋ ಬರೆದಿದ್ದ. ಅವಳನ್ನು ಒಮ್ಮೆಯೂ ಬರೆದಿರಲಿಲ್ಲ. ಬರೆದದ್ದು ಇದೊಂದೇ, ಇದರಲ್ಲಿ ಅವಳ ಸೆರಗು ಎಡಕ್ಕೆ ಬಂದು ಕೂತಿತ್ತು. ಈ ಸೀಮೆಯಲ್ಲಿ ಹೆಣ್ಣುಮಗಳು ದೂರದ ಹೊಲದಲ್ಲಿ ನಡೆದು ಹೋಗುತ್ತಿದ್ದರೂ ಸೆರಗು ಯಾವ ಹೆಗಲ ಮೇಲಿದೆ ಎಂದು ನೋಡಿ ಯಾರ ಮನೆಯವಳೆಂದು ಹೇಳಿಬಿಡುತ್ತಾರೆ. ಕೂಸು ಕೂಡ ತನ್ನ ಅವ್ವನನ್ನು ಹಾಗೆಯೇ ಹುಡುಕುತ್ತದೆ. ಕೂಸಿಗೆ ಗೊತ್ತಾಗುವುದು ಗಂಡನಿಗೆ ಗೊತ್ತಾಗಲಿಲ್ಲ ಎಂದು ಅವಳು ಅಂದುಕೊಂಡರೆ? ಅಂದುಕೊಳ್ಳದೆ ಇರುತ್ತಾಳೆಯೇ? ಇಷ್ಟು ವರ್ಷ ಎದುರಿಗಿದ್ದೂ ಈ ಮನುಷ್ಯ ನನ್ನನ್ನು ನೋಡಿಯೇ ಇಲ್ಲವೆಂದು ಅವಳಿಗೆ ಅನ್ನಿಸುವುದು ಖಂಡಿತ. ಅವಳು ಅದನ್ನು ಬಾಯಿಬಿಟ್ಟು ಆಡುವವಳಲ್ಲ, ಅದೇ ಅವನಿಗೆ ಹೆದರಿಕೆ. ಆಡಿದರೆ ಜಗಳವಾಡಿ ಮುಗಿಸಬಹುದಿತ್ತು.

ಮೋಸ ಆದದ್ದು ಎಲ್ಲೆಂದು ಅವನಿಗೆ ಕೂಡಲೇ ಹೊಳೆದಿತ್ತು. ಮರದಚ್ಚಿನವನು ಮೊದಲ ದಿನ ಕಲಿಯುವ ಪಾಠವೇ ಅದು: ಮರದಲ್ಲಿ ಬಲಕ್ಕಿದ್ದದ್ದು ಕಾಗದದಲ್ಲಿ ಎಡಕ್ಕೆ ಬೀಳುತ್ತದೆ. ಅದಕ್ಕಾಗಿ ಮೊದಲು ತೆಳು ಕಾಗದದ ಮೇಲೆ ಚಿತ್ರ ಬರೆದು, ಆ ಕಾಗದವನ್ನು ಮಗುಚಿ ಹಲಗೆಗೆ ಅಂಟಿಸಿ, ಹಿಂದಿನಿಂದ ಎಣ್ಣೆ ಸವರಿದರೆ ಗೆರೆಗಳು ತಿರುವುಮುರುವಾಗಿ ಕಾಣುತ್ತವೆ. ಹಾಗೆ ಕಂಡದ್ದನ್ನು ಕೆತ್ತಿದರೆ ಅಚ್ಚಿನಲ್ಲಿ ನೆಟ್ಟಗೆ ಬರುತ್ತದೆ. ಸೋಲಾಪುರದ ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರನಾದ ಅವನು ವರ್ಷಾ ವರ್ಷ ಇದನ್ನು ಹೇಳಿಕೊಡುತ್ತಿದ್ದ. ಅಕ್ಷರ ತಿರುವಿದರೆ ದಾರಿಯಲ್ಲಿ ಹೋಗುವವನೂ ಹೇಳುತ್ತಾನೆ, ಮುಖ ತಿರುವಿದರೆ ನೀವೇ ನೋಡಿಕೊಳ್ಳಬೇಕು ಎಂದು ಬೆರಳೆತ್ತಿ ಎಚ್ಚರಿಸುತ್ತಿದ್ದ. ಈಗ ಆ ಬೆರಳನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಕೋಟಿನ ಜೇಬಿಗೆ ಹಾಕಿಕೊಂಡ. ಮತ್ತೆ ಚಿತ್ರ ನೋಡಿದ. ಒಮ್ಮೆ ತಪ್ಪು ಕಂಡ ಮೇಲೆ ಬೇರೇನೂ ಕಾಣದು. ನೀಲಗಂಗಾ ಎಡಗೈಯಿಂದ ಜೋಳದ ಕಲ್ಲು ಆರಿಸುತ್ತಿದ್ದಾಳೆ. ಮೂಗಿನ ನತ್ತು ಇನ್ನೊಂದು ಕಡೆಗೆ ಹೋಗಿದೆ. ಬಸಯ್ಯನ ಪ್ರೆಸ್ಸಿನಲ್ಲಿ ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ ಮೊದಲ ಹಾಳೆ ಎತ್ತಿದಾಗ ಇದನ್ನೆಲ್ಲ ಅವನ ಕಣ್ಣು ಹೇಗೆ ದಾಟಿಹೋಯಿತೋ. ಆಗ ಅವನು ನೋಡಿದ್ದು ಕಪ್ಪು ಎಷ್ಟು ಕಪ್ಪಾಗಿದೆ, ಬಿಳಿ ಎಷ್ಟು ಉಸಿರಾಡುತ್ತಿದೆ ಎಂಬುದನ್ನು ಮಾತ್ರ. ಚೆನ್ನಾಗಿ ಬಂದಿತ್ತು. ಈಗಲೂ ಚೆನ್ನಾಗಿಯೇ ಇತ್ತು, ಅದು ಇನ್ನಷ್ಟು ಕೆಟ್ಟ ಸಂಗತಿ.

ಅವಳನ್ನು ಬರೆದ ಆ ಮಧ್ಯಾಹ್ನ ತೆಳು ಕಾಗದ ಮುಗಿದಿತ್ತೆಂದೇನೂ ಅಲ್ಲ, ಒಳಗಿನ ಕಪಾಟಿನಲ್ಲಿತ್ತು. ಆದರೆ ತರಲೆಂದು ಎದ್ದರೆ ಅವಳೂ ಏಳುತ್ತಿದ್ದಳು. ಅವನು ಎದ್ದದ್ದೇ ಚಹಕ್ಕೆಂದು ತಿಳಿಯುವುದು ಅವಳ ರೂಢಿ. ಸೋಲಾಪುರದಲ್ಲಿ ವಿಜಾಪುರ ರಸ್ತೆಯ ಕಡೆ, ಊರು ಮುಗಿದು ಹೊಲ ಶುರುವಾಗುವಲ್ಲಿ ಅವರ ಬಾಡಿಗೆ ಮನೆ. ಅಂಗಳದಲ್ಲಿ ಅವಳು ಗೋಡೆಗೊರಗಿ ಕೂತಿದ್ದಳು. ಮಿಲ್ಲಿನ ಭೋಂಗಾ ಕೂಗಿ ನಿಂತಿತ್ತು. ಕೈಯಲ್ಲಿ ಮೊರ ಅಲುಗಿದಂತೆಲ್ಲ ಜೋಳ ಸರ್ರೆಂದು ಮುಂದೆ ಹೋಗಿ ಸರ್ರೆಂದು ಹಿಂದೆ ಬರುತ್ತಿತ್ತು. ಅವನು ಪಡಸಾಲೆಯಲ್ಲಿ ಒಂದು ಸಾಗವಾನಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದವನು ಏಕೋ ಕತ್ತೆತ್ತಿದ. ಬಿಸಿಲು ಅವಳ ಅರ್ಧ ಮುಖಕ್ಕೆ ಬಂದು ನಿಂತಿತ್ತು. ಎಷ್ಟೋ ಸಲ ಹಾಗೆ ನಿಂತಿದ್ದೀತು. ಅವಳು ದುಡಿಯುತ್ತಿಲ್ಲ, ವಿಶ್ರಾಂತಿಯನ್ನೂ ಪಡೆಯುತ್ತಿಲ್ಲ, ಸುಮ್ಮನೆ ಇದ್ದಾಳೆ ಎನಿಸಿತು. ಇವಳು ನನ್ನ ಹೆಂಡತಿ ಎಂದು, ಹೊಸದಾಗಿ ಕೇಳಿದ ಸುದ್ದಿಯಂತೆ, ತನಗೆ ತಾನೇ ಹೇಳಿಕೊಂಡ. ಪಕ್ಕದಲ್ಲಿದ್ದ ಕುಂಚವನ್ನು ಮಸಿಯಲ್ಲಿ ಅದ್ದಿ ನೇರ ಹಲಗೆಯ ಮೇಲೆಯೇ ಬರೆಯತೊಡಗಿದ. ಕೈ ತಡೆಯಲಿಲ್ಲ. ಬರೆಯುತ್ತಿದ್ದಾಗ ಅವಳು ಮುಖವೆತ್ತಿ, "ಏನು ನೋಡಾಕತ್ತೀರಿ?" ಎಂದಳು. "ಏನಿಲ್ಲ, ನಿನ್ನ ಕೆಲಸ ನೀ ಮಾಡು" ಎಂದ. ಅವಳು "ಮಾಡಾಕತ್ತೀನಲ್ಲ" ಎಂದು ಮತ್ತೆ ಮೊರ ಅಲುಗಿಸಿದಳು. ಅಷ್ಟರಲ್ಲಿ ಮುಖ ಹಲಗೆಗೆ ಬಂದುಬಿಟ್ಟಿತ್ತು. ಅವತ್ತು ಇಡೀ ಸಂಜೆ ಅವನು ಗುನುಗುನು ಅನ್ನುತ್ತಿದ್ದ; ಅವಳು ಅದನ್ನು ಪಲ್ಯದ ರುಚಿಯೆಂದು ತಿಳಿದು ಇನ್ನೊಂದು ಸೌಟು ಬಡಿಸಿದ್ದಳು.

ಬಯಸಿದ್ದು ಇಂಥ ಬಾಳನ್ನಲ್ಲವಾದರೂ ಸಿಕ್ಕ ಬಾಳಿನ ಮೇಲೆ ಸಾತಲಿಂಗಪ್ಪನಿಗೆ ಮುನಿಸಿರಲಿಲ್ಲ. ಹನ್ನೂರಿನಲ್ಲಿ ಕೆಮ್ಮಣ್ಣು ಕಲಸಿ ಗೋಡೆಯ ತುಂಬ ಎತ್ತು ಬರೆಯುತ್ತಿದ್ದ ಹುಡುಗನನ್ನು ಅಪ್ಪ ಬೈಯುತ್ತ ಬೈಯುತ್ತಲೇ ಮುಂಬಯಿಯ ಚಿತ್ರಶಾಲೆಗೆ ಕಳಿಸಿದ್ದರು. ಎಲ್ಲ ಹೊಲವನ್ನೂ ನಿಂಗಣ್ಣನೇ ಉಳಲಿ, ಇವನ ಕೈಯಲ್ಲಿ ಕೂರಿಗೆ ಸೊಟ್ಟ ಹೋಗುತ್ತದೆ ಎಂದಿದ್ದರು. ಮುಂಬಯಿಯಲ್ಲಿ ಪ್ಯಾರಿಸ್ಸಿನ ಕನಸು ಕಂಡದ್ದೂ ಉಂಟು. ಮರಳಿ ಬಂದು ಮಾಡಿದ್ದು ನಾಟಕ ಕಂಪನಿಗಳ ಪರದೆ: ಒಂದೇ ಅರಮನೆಯನ್ನು ಎಷ್ಟು ರಾಜರಿಗೆ ಬರೆದನೋ ಲೆಕ್ಕವಿಲ್ಲ. ಆಮೇಲೆ ವ್ಯಾಪಾರಸ್ಥರ ತೈಲಚಿತ್ರಗಳು. ಬಟ್ಟೆ ಅಂಗಡಿಯ ಅಮೃತಪ್ಪ ತನ್ನ ತೀರಿಹೋದ ತಂದೆಯನ್ನು ಬರೆಸುವಾಗ, ಸ್ವಲ್ಪ ಬೆಳ್ಳಗೆ ಮಾಡ್ರಿ, ಸ್ವಲ್ಪ ತೆಳ್ಳಗೆ ಮಾಡ್ರಿ, ಕೈಯಾಗ ಒಂದು ಗಡಿಯಾರ ಕೊಡ್ರಿ ಎಂದು ಕೇಳುತ್ತ ಹೋದ. ಇವನು ಕೊಡುತ್ತ ಹೋದ. ಕೊನೆಗೆ ಚಿತ್ರದಲ್ಲಿ ಉಳಿದದ್ದು ಯಾರೆಂದು ಇಬ್ಬರಿಗೂ ತಿಳಿಯಲಿಲ್ಲ. ಈಗ ಅದಕ್ಕೆ ದಿನಾಲು ಮಲ್ಲಿಗೆ ಮಾಲೆ ಬೀಳುತ್ತದೆ, ಅಂಗಡಿಗೆ ಬಂದವರು ಕೈ ಮುಗಿಯುತ್ತಾರೆ, ದಾರಿಯಲ್ಲಿ ಹೋಗುವಾಗ ಸಾತಲಿಂಗಪ್ಪನೂ ನಾಚಿಕೆಯಿಂದ ಮುಗಿಯುತ್ತಾನೆ. ಮೂವತ್ತರ ಇಸವಿಯಲ್ಲಿ ಸೋಲಾಪುರಕ್ಕೆ ಮಾರ್ಷಲ್ ಲಾ ಬಂದು ಮನೆ ಬಿಟ್ಟು ಹೊರಬೀಳದಂತಾದಾಗ, ಬಣ್ಣವಿಲ್ಲ, ಕ್ಯಾನ್ವಾಸಿಲ್ಲ, ಮುರಿದ ಬಾಗಿಲಿನ ಹಲಗೆಯೊಂದನ್ನು ಮುಂದಿಟ್ಟುಕೊಂಡು ಮಿಲ್ಲಿನ ಚಿಮಣಿಗಳನ್ನು ಕೆತ್ತಿದ. ಮರ ಗಡಿಯಾರ ಕೇಳಲಿಲ್ಲ. ಉಳಿ ಜಾರಿದರೆ ಜಾರಿತು, ತಿದ್ದುವಂತಿಲ್ಲ. ಆ ಕಟ್ಟುನಿಟ್ಟು ಅವನಿಗೆ ಹಿಡಿಸಿತು. ಅಂದಿನಿಂದ ಬೆಳಿಗ್ಗೆ ಎದ್ದು ಕೆತ್ತುವುದು, ಆಮೇಲೆ ಶಾಲೆ, ಸಂಜೆ ಚಹ, ನೀಲಗಂಗಾಳ ಮಾತು. ದೊಡ್ಡ ಹೆಸರು ಬರಲಿಲ್ಲ. ಬರದಿದ್ದುದರಿಂದ ಸಂಜೆಗಳು ಉಳಿದವು ಎಂದು ಅವನಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಚಿತ್ರವನ್ನು ಇಳಿಸಿಬಿಟ್ಟರೆ? ಯಾರೂ ನೋಡದಂತೆ ಎತ್ತಿ, ಮೇಜಿನ ಕೆಳಗೆ ಜೋಳದ ದಂಟಿನ ಹಿಂದೆ ಇಟ್ಟರೆ? ಅವನು ಆಚೀಚೆ ನೋಡಿ ಕೈ ಚಾಚಿದ. ಚೌಕಟ್ಟು ಮೊಳೆಯಿಂದ ಮೇಲೇಳುವಷ್ಟರಲ್ಲಿ ಶಾಲೆಯ ಸಿಪಾಯಿ ಭೀಮಶಾ ಅಂಟಿನ ಡಬ್ಬಿ ಹಿಡಿದುಕೊಂಡು ಬಂದ. "ಹಂಗಽ ಹಿಡೀರಿ ಮಾಸ್ತರ, ಚೀಟಿ ಹಚ್ಚತೀನಿ" ಎಂದ. ಚೌಕಟ್ಟಿನ ಕೆಳಗೆ ಗುಲಾಬಿ ಬಣ್ಣದ ಚೀಟಿ ಅಂಟಿತು: ಎರಡನೆಯ ಬಹುಮಾನ. ಮೊದಲನೆಯದು ಗಿಳಿಗೆ ಬಂದಿತ್ತು. ಕುಂಬಳಕಾಯಿಗೆ ಬೇರೆ ವಿಭಾಗ. "ಮುಬಾರಕ ಮಾಸ್ತರ" ಎಂದು ಭೀಮಶಾ ಹಲ್ಲು ಕಿರಿದ. ಬಹುಮಾನ ಬಂದ ಚಿತ್ರವನ್ನು ಇಳಿಸುವವನು ಹುಚ್ಚನೇ ಆಗಬೇಕು. ಸಾತಲಿಂಗಪ್ಪ ಚೌಕಟ್ಟನ್ನು ಮೊಳೆಗೆ ಮತ್ತೆ ಸಿಕ್ಕಿಸಿದ. ಸಿಕ್ಕಿಸುವಾಗ, ಸೊಟ್ಟಗಾಗಿದೆಯೇ ಎಂದು ದೂರ ನಿಂತು ನೋಡಿ ಸರಿಮಾಡಿದ. ತನ್ನ ಈ ಚಟಕ್ಕೆ ತನಗೇ ನಗು ಬಂತು.

ಅಂಗಳಕ್ಕೆ ಬಂದು ಬೇವಿನ ಕೆಳಗೆ ನಿಂತ. ಏನು ಹೇಳುವುದೆಂದು ಮನಸ್ಸಿನಲ್ಲಿ ಜೋಡಿಸತೊಡಗಿದ. ಮರದಾಗ ತಿರುವಿ ತಗೀಬೇಕಾಗ್ತದ. ಅವಳಿಗೆ ಗೊತ್ತಿದ್ದದ್ದೇ, ಎಷ್ಟು ಸಲ ಹಾಳೆ ಒಣಹಾಕಿಲ್ಲ. ಅವಸರದಾಗಿದ್ದೆ. ಯಾವ ಅವಸರ? ನಿನ್ನ ನೋಡಿ ಮೈಮರೆತೆ. ಇದನ್ನು ಯಾವ ಬಾಯಿಂದ ಹೇಳುವುದು, ನಾಟಕ ಕಂಪನಿಯ ರಾಜನೇ ಹೇಳಬೇಕು. ಎಲ್ಲ ಮಾತೂ ನೆವದಂತೆ ಕೇಳುತ್ತಿತ್ತು. ಇದೆಲ್ಲದರ ಬುಡದಲ್ಲಿ ಅಣ್ಣಾರಾಯರಿಗೆ ಕೊಟ್ಟ ಉತ್ತರ ಮುಳ್ಳಿನಂತೆ ಚುಚ್ಚುತ್ತಿತ್ತು. ಯಾರೂ ಅಲ್ರಿ. ಸೆರಗು ತಪ್ಪಿದ್ದು ಕೈಯ ತಪ್ಪು, ಅದಕ್ಕೆ ಕ್ಷಮೆ ಇದ್ದೀತು. ಯಾರೂ ಅಲ್ಲ ಎಂದದ್ದು? ಹೆಂಡತಿಯ ಸೆರಗನ್ನೇ ತಿರುವಿದ ಮಾಸ್ತರನೆಂದು ಅಣ್ಣಾರಾಯರು ನಕ್ಕಾರು ಎಂಬಷ್ಟಕ್ಕೆ ಅವಳನ್ನೇ ಇಲ್ಲವೆಂದುಬಿಟ್ಟಿದ್ದ. ಇನ್ನೂ ಸುಲಭದ ದಾರಿಯೊಂದು ಕಾಣಿಸಿತು, ಕಂಡದ್ದಕ್ಕೇ ಅವನಿಗೆ ಹೇಸಿಕೆಯಾಯಿತು: ಅವಳಿಗೂ ಹಾಗೆಯೇ ಹೇಳಿಬಿಡುವುದು. ಇದು ನೀ ಅಲ್ಲ, ಯಾರೋ ಒಬ್ಬ ಹೆಣ್ಮಗಳು, ಮನಸಿನಿಂದ ತಗದದ್ದು. ಅವಳು ನಂಬುತ್ತಾಳೆ. ಹಲಗೆ ಬರೆದ ದಿನದ ನೆನಪೂ ಅವಳಿಗೆ ಇರಲಿಕ್ಕಿಲ್ಲ. ಸೆರಗು ಹೇಗೂ ಸಾಕ್ಷಿ ಹೇಳುತ್ತದೆ. ಅವಳಿಗೆ ನೋವಿಲ್ಲ, ಇವನಿಗೆ ಮಾನ ಉಳಿಯಿತು, ಮನೆಗೆ ಹೋಗಿ ಚಹ ಕುಡಿಯಬಹುದು.

ಹಿಂದೆ ಒಮ್ಮೆ, ಮದುವೆಯ ಹೊಸದರಲ್ಲಿ, ಒಬ್ಬ ಸಾಹುಕಾರರ ದೇವರ ಕೋಣೆಗೆ ಲಕ್ಷ್ಮಿಯನ್ನು ಬರೆಯುತ್ತಿದ್ದಾಗ ನೀಲಗಂಗಾ ಊಟದ ಬುತ್ತಿ ತಂದಿದ್ದಳು. ಬುತ್ತಿ ಇಳಿಸಿ ಬಹಳ ಹೊತ್ತು ಗೋಡೆಯನ್ನೇ ನೋಡಿದಳು. "ಮಾರಿ ಸಾಹುಕಾರ್ತಿದು, ಅದು ಗೊತ್ತಾತು. ಕೈ ಯಾರವು?" ಎಂದು ಕೇಳಿದಳು. ಕೈಗಳು ಮುಂಬಯಿಯ ಶಾಲೆಯಲ್ಲಿ ಸುಣ್ಣದ ಬೊಂಬೆ ನೋಡಿ ಕಲಿತವು. "ಯಾರವೂ ಅಲ್ಲ" ಎಂದಿದ್ದ ಅವನು. "ಅದಕ್ಕಽ ಅಂತೀನಿ. ಈ ಕೈ ಒಂದು ರೊಟ್ಟಿನೂ ಬಡದಿಲ್ಲ ಬಿಡ್ರಿ" ಎಂದು ಬುತ್ತಿ ಬಿಚ್ಚಿದಳು. ಆಗ ನಕ್ಕಿದ್ದನಾದರೂ ಮರುದಿನ ಲಕ್ಷ್ಮಿಯ ಬೆರಳ ಗೆಣ್ಣುಗಳನ್ನು ಸ್ವಲ್ಪ ದಪ್ಪ ಮಾಡಿದ್ದ. ಸಾಹುಕಾರರು ಒಪ್ಪದೆ ಮತ್ತೆ ತೆಳ್ಳಗೆ ಮಾಡಿಸಿದರು. ಅವಳ ಬಾಯಿಂದ ಚಿತ್ರದ ಬಗ್ಗೆ ಬಂದದ್ದು ಅಂಥ ಮಾತುಗಳೇ, ಅಪರೂಪಕ್ಕೆ, ಬುತ್ತಿ ಬಿಚ್ಚುತ್ತ, ಕಸ ಗುಡಿಸುತ್ತ. ಒಂದನ್ನೂ ಅವನು ಮರೆತಿರಲಿಲ್ಲ. ನನ್ನನ್ನು ಯಾಕೆ ಬರೆಯುವುದಿಲ್ಲ ಎಂದು ಮಾತ್ರ ಅವಳು ಎಂದೂ ಕೇಳಲಿಲ್ಲ. ಕೇಳದ್ದರಿಂದ ಅವಳಿಗೆ ಅದು ಬೇಕಿಲ್ಲವೆಂದು ತಿಳಿದುಕೊಂಡು ಅವನು ಹಾಯಾಗಿದ್ದ.

ಹಾಗೆ ನಿಂತಿದ್ದಾಗಲೇ ಗಾಡಿ ಬಂತು. ನಿಂಗಣ್ಣ ಎತ್ತು ಬಿಚ್ಚುತ್ತ, "ಅಣ್ಣಾ, ನಮ್ಮ ಕಬ್ಬಿನಕಿಂತ ಚಲೋ ಕಬ್ಬು ಯಾರರೆ ತಂದಾರೇನು?" ಎಂದು ದೂರದಿಂದಲೇ ಕೂಗಿದ. ಅವನ ಹೆಂಡತಿ ಇಂದುಬಾಯಿ ಭಾವನನ್ನು ಕಂಡು ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದೆಳೆದು ಗಾಡಿಯ ಮರೆಗೆ ಸರಿದಳು. ನೀಲಗಂಗಾ ಇಳಿದು, ಸೀರೆ ಕೊಡವಿಕೊಂಡು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಉಂಡಿಲ್ಲೇನು? ಮಾರಿ ಯಾಕ ಹಿಂಗಾಗ್ಯದ" ಎಂದಳು. ಹಳ್ಳಿಯ ಬಿಸಿಲಿಗೆ ಅವಳು ಸ್ವಲ್ಪ ಕಪ್ಪಾಗಿದ್ದಳು, ಚೆನ್ನಾಗಿ ಕಾಣುತ್ತಿದ್ದಳು. ಸೆರಗು ಬಲ ಹೆಗಲ ಮೇಲಿತ್ತು, ಅದು ಎಷ್ಟು ಸರಿಯಾಗಿ ಅಲ್ಲಿತ್ತೆಂದರೆ ಅವನಿಗೆ ನೋಡಲಾಗಲಿಲ್ಲ. "ಒಂದು ಮಾತು ಹೇಳೂದದ" ಎಂದು ಶುರುಮಾಡಿದ. "ಒಳಗ ಹೋಗೂಣು ನಡೀರಿ, ಬಿಸಿಲದ" ಎಂದು ಅವಳು ನಡೆದೇಬಿಟ್ಟಳು. ಅವನು ಹಿಂದೆಯೇ ನಡೆದ.

ಒಳಗೆ ಅಣ್ಣಾರಾಯರು ಎದುರಾದರು. ಮನೆಮಂದಿ ಬಂದದ್ದು ಕಂಡು ಅವರಿಗೆ ಬಹಳ ಖುಷಿಯಾಯಿತು. ಸಾತಲಿಂಗಪ್ಪ ತಡೆಯುವ ಮುಂಚೆಯೇ ಅವರನ್ನೆಲ್ಲ ಗಿಳಿಯ ಪಕ್ಕಕ್ಕೆ ಕರೆದೊಯ್ದರು. "ಬರ್ರಿ ಬಾಯಾರ, ಬರ್ರಿ. ನಿಮ್ಮ ಯಜಮಾನರ ಚಿತ್ರಕ್ಕ ಇನಾಮ ಬಂದದ, ನೋಡ್ರಿ. ಏನು ಕೈಗುಣ ಅಂತೀನಿ. ಯಾರನ್ನೂ ನೋಡಿ ತಗದದ್ದಲ್ಲಂತ, ಬರೇ ಮನಸಿನಿಂದಂತ." ಯಾರನ್ನೂ ನೋಡಿ ತೆಗೆದದ್ದಲ್ಲ ಎಂಬ ತನ್ನ ಮಾತು ಇನ್ನೊಬ್ಬರ ಬಾಯಲ್ಲಿ ಹೀಗೆ ಕೇಳುತ್ತದೆಂದು ಸಾತಲಿಂಗಪ್ಪ ಎಣಿಸಿರಲಿಲ್ಲ. ನಿಂಗಣ್ಣ ಚಿತ್ರವನ್ನು ಒಮ್ಮೆ ನೋಡಿ, "ಭಾಳ ಚಲೋ ಬಂದದ ಅಣ್ಣಾ" ಎಂದು, ಕುಂಬಳಕಾಯಿಯ ಕಡೆ ತಿರುಗಿ ಅದನ್ನು ಬೆರಳಿನಿಂದ ಬಡಿದು ನೋಡಿದ. ಇಂದುಬಾಯಿ ಓರಗಿತ್ತಿಯ ಕಿವಿಯ ಹತ್ತಿರ ಬಾಯಿ ತಂದು, ಪಿಸುಗುಟ್ಟಿದರೂ ಎಲ್ಲರಿಗೂ ಕೇಳುವಂತೆ, "ಅಕ್ಕಾ, ಇಕಿ ಯಾರಽ? ಮಾರಿ ನಿಂದಽ ಇದ್ದಂಗದ. ಸೆರಗು ನೋಡಿದ್ರ ಎಡಗಡೀದು. ನಮ್ಮಾಕಿ ಅಲ್ಲ" ಎಂದಳು.

ನೀಲಗಂಗಾ ಎರಡು ಹೆಜ್ಜೆ ಮುಂದೆ ಹೋಗಿ, ಮೇಜಿನ ಅಂಚಿಗೆ ಕೈಯೂರಿ, ಚಿತ್ರಕ್ಕೆ ಮುಖ ಕೊಟ್ಟು ನಿಂತಳು. ಅವಳ ಬೆನ್ನು ಮಾತ್ರ ಅವನಿಗೆ ಕಾಣುತ್ತಿತ್ತು. ಇದು ನೀ ಅಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು, ಈಗಲೇ ಆಡಿಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಆದರೆ ಆ ಬೆನ್ನಿಗೆ ಸುಳ್ಳು ಹೇಳಲು ಅವನಿಂದ ಆಗಲಿಲ್ಲ. ನಿಂದಽ ಅದು, ನಾನು ತಪ್ಪೀನಿ ಎನ್ನಬೇಕೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು.

"ಇದು ನಾನಽ ಇಂದೂ" ಎಂದಳು. ದನಿಯಲ್ಲಿ ಜಗಳವೂ ಇರಲಿಲ್ಲ, ಹೆಚ್ಚುಗಾರಿಕೆಯೂ ಇರಲಿಲ್ಲ. "ದಿನಾ ಮುಂಜಾನೆ ಕನ್ನಡ್ಯಾಗ ಇಕಿನ್ನಽ ನೋಡ್ತೀನಲ್ಲ. ನೀವೆಲ್ಲ ನೋಡೂದು ಬ್ಯಾರೆ ನೀಲಗಂಗಾನ್ನ. ನನಗ ಕಾಣ್ಸಾಕಿ ಇಕೀನಽ. ಸೆರಗು ಈ ಕಡೀನಽ ಇರ್ತದ, ನತ್ತು ಈ ಕಡೀನಽ ಇರ್ತದ. ಹುಬ್ಬಿನ ಮ್ಯಾಲಿನ ಸುಟ್ಟ ಕಲೆ ನೋಡು, ಕನ್ನಡ್ಯಾಗ ಅದು ಇಲ್ಲೇ ಕಾಣತದ." ಬೆರಳು ಗಾಜಿಗೆ ತಾಗದಂತೆ ತೋರಿಸಿದಳು. ಇಂದುಬಾಯಿ ಬಗ್ಗಿ ನೋಡಿ, ಓರಗಿತ್ತಿಯ ಮುಖ ನೋಡಿ, ಮತ್ತೆ ಚಿತ್ರ ನೋಡಿ, ಗಲ್ಲಕ್ಕೆ ಕೈ ಹಚ್ಚಿಕೊಂಡಳು. ಅಣ್ಣಾರಾಯರು ಕನ್ನಡಕ ಇಳಿಸಿ ಇಬ್ಬರನ್ನೂ ನೋಡಿ, "ಹಂಗಾರ ಮನಸಿನಿಂದ ಅಂದದ್ದು ಖರೇನಽ ಆತು ಮಾಸ್ತರ" ಎಂದು ನಕ್ಕು, ಇಂದುಬಾಯಿಗೂ ನಿಂಗಣ್ಣನಿಗೂ ಕಬ್ಬು ತೋರಿಸಲು ಕರೆದುಕೊಂಡು ಹೋದರು.

ಇಬ್ಬರೇ ಉಳಿದರು. ಸಾತಲಿಂಗಪ್ಪ ಕುಂಬಳಕಾಯಿಗೆ ಒರಗಿಕೊಂಡ. ಮರದ ಗುಣ ಅವನಿಗೆ ಗೊತ್ತಿತ್ತು, ಕಾಗದದ ಗುಣ ಗೊತ್ತಿತ್ತು. ಅವಳು ತನ್ನನ್ನು ತಾನು ಯಾವ ಕಡೆಯಿಂದ ಕಂಡುಕೊಂಡಿದ್ದಾಳೆಂದು ಮಾತ್ರ ಎಂದೂ ಯೋಚಿಸಿರಲಿಲ್ಲ. ನೀಲಗಂಗಾ ಇನ್ನೂ ಚಿತ್ರದ ಮುಂದೆಯೇ ಇದ್ದಳು. ಅವಳ ಕಣ್ಣು ತುಂಬಿತ್ತು. ಅದನ್ನು ಅವಳು ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಡಲೂ ಇಲ್ಲ. "ನಾ ಕನ್ನಡಿ ಮುಂದ ವಿಭೂತಿ ಹಚ್ಕೊಳ್ಳೂ ಮುಂದ ನೀವು ಹಿಂದ ಬಂದು ನಿಂತು ನೋಡ್ತಿದ್ರಿ ಅಂತ ನನಗ ಗೊತ್ತಽ ಆಗಿಲ್ಲ ನೋಡ್ರಿ" ಎಂದಳು ಮೆಲ್ಲಗೆ. "ಇಷ್ಟು ವರ್ಷ."

ಸುಮ್ಮನಿದ್ದರೆ ಸಾಕಿತ್ತು. ಅವನ ಇಡೀ ಬಾಳಿನಲ್ಲಿ ಯಾರೂ ಆಡದಂಥ ಮಾತು ಅದು, ಸುಮ್ಮನೆ ತಲೆಯಾಡಿಸಿದರೆ ಅವನದೇ ಆಗುತ್ತಿತ್ತು. ಬೆಳಿಗ್ಗೆಯಾಗಿದ್ದರೆ ತಲೆಯಾಡಿಸುತ್ತಿದ್ದನೇನೋ. ಆದರೆ ಇವತ್ತು ಒಂದು ಸಲ ಅವಳನ್ನು ಯಾರೂ ಅಲ್ಲವೆಂದದ್ದೇ ಅವನಿಗೆ ಸಾಕಾಗಿತ್ತು.

"ನಾ ನಿಂತು ನೋಡಿಲ್ಲ" ಎಂದ. "ಒಂದು ದಿನಾನೂ ನೋಡಿಲ್ಲ. ಹಲಗಿ ಮ್ಯಾಲ ತಿರುವಿ ತಗೀಬೇಕಾಗಿತ್ತು, ಮರತೆ. ಮರತು ಹಿಂಗಾಗ್ಯದ. ಇದು ತಪ್ಪಿ ಬಂದದ್ದು, ನೀಲಗಂಗಾ."

ಅವಳು ತಿರುಗಿ ಅವನನ್ನು ನೋಡಿದಳು. ಚಿತ್ರದಲ್ಲಿದ್ದವಳೂ ನೋಡುತ್ತಿದ್ದಳು. ನೀಲಗಂಗಾಳ ಮುಖದ ಮೇಲೆ ನಗು ಬಂತು, ತುಟಿಯಲ್ಲಲ್ಲ, ಕಣ್ಣಿನ ಕೆಳಗೆ, ಅವನು ಎಂದೂ ಬರೆಯದ ಜಾಗದಲ್ಲಿ.

"ತಪ್ಪಿ ಬಂದದ್ದಽ ಆಗವಲ್ದ್ಯಾಕ, ಇರ್ಲಿ" ಎಂದಳು. "ನಾಳಿ ಮುಂಜಾನಿಂದ ನಿಂತು ನೋಡ್ರಿ."